ಶಾಲು ಬೇಡ, ನೀರು ಕೊಡಿ

ನಮ್ಮ ಭಾಗದಲ್ಲಿ ಹೆಂಗಸೊಬ್ಬಳು ರೂಢಿ ಬಿಟ್ಟು ಏನಾದರೂ ಮಾಡಿದಳೆಂದರೆ ಮೊದಲು ನಗುತ್ತಾರೆ, ಆಮೇಲೆ ಬೈಯುತ್ತಾರೆ, ಕೊನೆಗೆ ಶಾಲು ಹೊದಿಸುತ್ತಾರೆ. ಮೊದಲಿನ ಎರಡನ್ನು ಹೇಗೋ ತಡೆದುಕೊಳ್ಳಬಹುದು. ಮೂರನೆಯದೇ ಅಪಾಯದ್ದು. ಶಾಲು, ಹಾರ, ತೆಂಗಿನಕಾಯಿ, ಒಂದು ಫಲಕ ಕೊಟ್ಟು ‘ಮಹಿಳಾ ಸಾಧಕಿ’ ಎಂದು ಮೈಕಿನಲ್ಲಿ ಕೂಗಿದರೆ ಅದರ ಅರ್ಥವೇನು? ಇದು ಈಕೆಯಿಂದಾಯಿತು, ನಿಮ್ಮಿಂದಾಗುವುದಿಲ್ಲ, ಚಪ್ಪಾಳೆ ತಟ್ಟಿ ಮನೆಗೆ ಹೋಗಿ ರೊಟ್ಟಿ ಬಡಿಯಿರಿ ಎಂದು. ಎದುರಿಗೆ ಕೂತ ನೂರು ಹೆಂಗಸರನ್ನು ಸುಮ್ಮನಾಗಿಸಲು ಒಬ್ಬಳನ್ನು ವೇದಿಕೆ ಹತ್ತಿಸುವ ಈ ವ್ಯವಹಾರ ನನಗೆ ಒಪ್ಪಿಗೆಯಿಲ್ಲ. ಆದ್ದರಿಂದ ನಮ್ಮೂರಿನ ಹಿರಿಯರೊಬ್ಬರು ಸನ್ಮಾನದ ಮಾತೆತ್ತಿದಾಗ ಬೇಡವೆಂದೆ. ಅದನ್ನು ಅವರು ವಿನಯವೆಂದು ತಿಳಿದರು. ವಿನಯವಲ್ಲ, ಜಗಳ. ಆ ಜಗಳವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನಾನು ಮಾಡಿದ್ದು ದೊಡ್ಡದೇನೂ ಅಲ್ಲ. ಸೇಡಂನಲ್ಲಿ ಮಾಸ್ತರಿಕೆ ಮಾಡಿಕೊಂಡು, ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿ, ನಲವತ್ತೆಂಟು ದಾಟಿದ ಮೇಲೆ ಬೆಂಗಳೂರಿನ ಹೊರವಲಯದಲ್ಲಿ ನಡೆದ ಒಂದು ಟ್ರಯಥ್ಲಾನ್‌ಗೆ ಹೆಸರು ಕೊಟ್ಟೆ, ಮುಗಿಸಿ ಬಂದೆ. ಈ ಶಬ್ದ ಕೇಳದವರಿಗಾಗಿ ಹೇಳುತ್ತೇನೆ. ಈಜು, ಸೈಕಲ್, ಓಟ ಈ ಮೂರನ್ನೂ ಒಂದರ ಬೆನ್ನಿಗೊಂದು ಮಾಡುವ ಸ್ಪರ್ಧೆ ಇದು. ನೀರಿನಿಂದ ಎದ್ದು ಸೈಕಲ್ ಹತ್ತುವಾಗ, ಸೈಕಲ್ ಇಳಿದು ಓಡುವಾಗ ನಡುವೆ ಬೂಟು ಕಟ್ಟಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ, ಗಡಿಯಾರ ನಿಲ್ಲುವುದಿಲ್ಲ. ಒಲಿಂಪಿಕ್ಸ್‌ನ ಅಳತೆ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಹೊಸಬರು ಸಾಮಾನ್ಯವಾಗಿ ಅದರ ಅರ್ಧಕ್ಕೆ ಇಳಿಯುತ್ತಾರೆ. 750 ಮೀಟರ್, 20 ಕಿಲೋಮೀಟರ್, 5 ಕಿಲೋಮೀಟರ್. ನನ್ನದು ಈ ಅರ್ಧದ್ದು. 25 ಮೀಟರಿನ ಕೊಳದಲ್ಲಿ 750 ಮೀಟರ್ ಎಂದರೆ ಈ ಗೋಡೆಯಿಂದ ಆ ಗೋಡೆಗೆ ಮೂವತ್ತು ಸಲ. ಹದಿನೇಳನೆಯದೋ ಹದಿನೆಂಟನೆಯದೋ ಎಂದು ಲೆಕ್ಕ ತಪ್ಪದಂತೆ ಮಗ್ಗಿ ಹೇಳಿಕೊಂಡೇ ಈಜಿದೆ. ಮಾಸ್ತರಿಕೆ ಅಲ್ಲಿಯೂ ಕೈಬಿಡಲಿಲ್ಲ.

ನನ್ನ ಹೆಸರು ಪಟ್ಟಿಯ ಕೆಳತುದಿಯಲ್ಲಿ, ಕೊನೆಯಿಂದ ಎಣಿಸಿದರೆ ಬೇಗ ಸಿಗುವಂತಿತ್ತು. ಸೈಕಲ್ ಇಳಿದು ಓಡಲು ಹೋದರೆ ಕಾಲು ನನ್ನವೇ ಅಲ್ಲವೇನೋ ಎನ್ನುವಂತೆ ಮೊದಲ ಅರ್ಧ ಕಿಲೋಮೀಟರ್ ನಡುಗಿದವು. ಇಪ್ಪತ್ತೈದರ ಹುಡುಗರು ಪಕ್ಕದಲ್ಲಿ ಗಾಳಿಯಂತೆ ಹೋದರು. ಹೋಗಲಿ. ಅವರ ಗಡಿಯಾರ ಅವರದು, ನನ್ನದು ನನ್ನದು. ಮುಗಿಸುವ ಗೆರೆ ಒಂದೇ.

ಈಗ ಜಗಳಕ್ಕೆ ಬರೋಣ.

ಊರಿಗೆ ಬಂದ ಮೇಲೆ ಮೊದಲು ಬಂದ ಮಾತು ವಯಸ್ಸಿನದು. ಪಕ್ಕದ ಮನೆಯವರು, “ಯವ್ವಾ, ಟೀಚರ್ರೀ, ಈ ವಯಸ್ಸಿನ್ಯಾಗ ನೀರಾಗ ಬೀಳೂದು ಯಾಕ ಬೇಕಿತ್ರಿ ನಿಮಗ?” ಎಂದರು. ಪ್ರೀತಿಯಿಂದಲೇ ಅಂದರು. ಆದರೆ ಪ್ರೀತಿಯ ಮಾತಿಗೂ ಉತ್ತರ ಕೊಡಬೇಕಾಗುತ್ತದೆ. ನಲವತ್ತೆಂಟಕ್ಕೆ ಸೊಸೆ ತರಬಹುದು, ತೀರ್ಥಯಾತ್ರೆಗೆ ಹೋಗಬಹುದು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಬಹುದು, ಹೊಸದೊಂದನ್ನು ಕಲಿಯಬಾರದು! ಅಮೆರಿಕದಲ್ಲಿ ಮಡೊನ್ನಾ ಬೂಡರ್ ಎಂಬ ಕ್ರೈಸ್ತ ಸನ್ಯಾಸಿನಿ ಇದ್ದಾರೆ. 1930ರಲ್ಲಿ ಹುಟ್ಟಿದವರು. ಮೊದಲ ಟ್ರಯಥ್ಲಾನ್ ಮಾಡಿದ್ದು ಐವತ್ತು ದಾಟಿದ ಮೇಲೆ. 2012ರಲ್ಲಿ, 82ನೆಯ ವಯಸ್ಸಿನಲ್ಲಿ, ಅವರು ಕೆನಡಾದಲ್ಲಿ ಐರನ್‌ಮ್ಯಾನ್ ಮುಗಿಸಿದರು. ಐರನ್‌ಮ್ಯಾನ್ ಎಂದರೆ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, ಅದರ ಮೇಲೆ ಒಂದು ಪೂರ್ತಿ ಮ್ಯಾರಥಾನ್ ಓಡುವುದು. ಅವರ ಮುಂದೆ ನಾನಿನ್ನೂ ಪರಕಾರ ಉಟ್ಟ ಹುಡುಗಿ.

ಎರಡನೆಯ ಮಾತು, ಹೆಣ್ಣಿನ ಮೈ ತಡೆಯುವುದಿಲ್ಲ ಎಂಬುದು. ಇದು ಬಹಳ ಹಳೆಯ ಸುಳ್ಳು, ಇದರ ಚರಿತ್ರೆ ತಿಳಿದುಕೊಳ್ಳುವುದು ಒಳ್ಳೆಯದು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ ಗೆದ್ದರು. ಅಂತಿಮ ಸುತ್ತಿನಲ್ಲಿ ಓಡಿದವರು ಒಂಬತ್ತು ಮಂದಿ, ಒಂಬತ್ತು ಮಂದಿಯೂ ಗುರಿ ಮುಟ್ಟಿದರು. ಆದರೆ ಕೆಲವು ಪತ್ರಿಕೆಗಳು ಹೆಂಗಸರು ದಾರಿಯುದ್ದಕ್ಕೂ ಕುಸಿದು ಬಿದ್ದರೆಂದು ಬರೆದವು. ಓಡಿ ಬಂದವರು ಉಸಿರಿಗಾಗಿ ನೆಲದ ಮೇಲೆ ಕೂತರೆ ಗಂಡಸಾದರೆ ದಣಿವು, ಹೆಂಗಸಾದರೆ ದೌರ್ಬಲ್ಯ! ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಇಟ್ಟದ್ದು 1960ರಲ್ಲಿ, ರೋಮ್‌ನಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಹೆಂಗಸರ 1500 ಮೀಟರ್ ಈಜು ಬಂದದ್ದಂತೂ ಟೋಕಿಯೋದಲ್ಲಿ, 2021ರಲ್ಲಿ. ಟ್ರಯಥ್ಲಾನ್ ಹೊಸ ಆಟ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಆರಂಭವಾದದ್ದು. ತಡವಾಗಿ ಹುಟ್ಟಿದ್ದರಿಂದಲೋ ಏನೋ ಹಳೆಯ ರೋಗ ಅದಕ್ಕೆ ಅಷ್ಟಾಗಿ ಅಂಟಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಅದು ಬಂದಾಗ ಗಂಡಸರಿಗೂ ಹೆಂಗಸರಿಗೂ ಅಳತೆ ಒಂದೇ ಇತ್ತು, ಮೊದಲು ನಡೆದದ್ದು ಹೆಂಗಸರ ಸ್ಪರ್ಧೆ. ಆ ಆಟದ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ರಿಜೆಟ್ ಮೆಕ್‌ಮಾನ್ ಎಂಬ ಹೆಣ್ಣುಮಗಳ ಕೊರಳಿಗೆ ಬಿತ್ತು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಚಿತ್ತಾಪುರದ ಕಡೆ ತೊಗರಿ ಕೊಯ್ಲಿಗೆ ಹೋಗುವವರು ಯಾರು? ಬೇಸಿಗೆಯಲ್ಲಿ ಬಿಸಿಲು 43 ಡಿಗ್ರಿ ದಾಟಿದಾಗ ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ನಡೆಯುವವರು ಯಾರು? ಆಗ ‘ಹೆಣ್ಣಿನ ಮೈ ತಡೆಯುವುದಿಲ್ಲ’ ಎಂದು ಯಾರೂ ಅಡ್ಡ ಬಂದು ಕೊಡ ಇಳಿಸಿಕೊಂಡದ್ದನ್ನು ನಾನು ಕಂಡಿಲ್ಲ. ಹೆಂಗಸಿನ ಮೈ ಮನೆಗಾಗಿ ದುಡಿಯುವಾಗ ಕಬ್ಬಿಣ, ತನಗಾಗಿ ಓಡುವಾಗ ಗಾಜು.

ಅಲ್ಲಿಗೆ ಮೂರನೆಯ ಮಾತು ಸಿದ್ಧವಾಗಿರುತ್ತದೆ. “ಮನೆಗೆಲಸನ ವ್ಯಾಯಾಮ ಅಲ್ಲೇನ್ರಿ? ನಮ್ಮ ಅವ್ವ ಯಾವ ಓಟ ಓಡಿದ್ದಳು?” ಅವ್ವನ ಹೆಸರು ಹೇಳಿ ಬಾಯಿ ಮುಚ್ಚಿಸುವವರು ಅವ್ವನ ಸೊಂಟ ಯಾವ ವಯಸ್ಸಿಗೆ ಬಾಗಿತು, ಮೊಣಕಾಲು ಯಾವಾಗ ಹಿಡಿದವು ಎಂಬುದನ್ನು ಹೇಳುವುದಿಲ್ಲ. ಬಗ್ಗಿ ಕಸ ಗುಡಿಸಿ, ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೆದು, ಮೈಯ ಅದೇ ಭಾಗವನ್ನು ಅದೇ ರೀತಿಯಲ್ಲಿ ನಲವತ್ತು ವರ್ಷ ಸವೆಸುವುದಕ್ಕೆ ದುಡಿತ ಎನ್ನುತ್ತಾರೆ. ಎದೆಬಡಿತ ಏರಿಸಿ, ಉಸಿರು ತುಂಬಿಸಿ, ಮತ್ತೆ ವಿಶ್ರಾಂತಿ ಕೊಟ್ಟು ಮೈಯನ್ನು ಬಲಪಡಿಸುವುದು ಬೇರೆ. ಅದೂ ಅಲ್ಲದೆ, ಇಂದು ಪಟ್ಟಣದ ನಮ್ಮ ಮನೆಗಳಲ್ಲಿ ಮಿಕ್ಸರ್, ಗ್ಯಾಸು, ನಳ ಬಂದು ದುಡಿತ ಕಡಿಮೆಯಾಗಿದೆ, ಕೂತು ಟೀವಿ ನೋಡುವುದು ಹೆಚ್ಚಾಗಿದೆ. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಹೊರಬಂದ ಅಧ್ಯಯನ ಹೇಳಿತು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ಮೈ ಆಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಇಪ್ಪತ್ತೆರಡು ನಿಮಿಷ ಕೂಡ ಆಗುವುದಿಲ್ಲ. ಆ ಇಪ್ಪತ್ತೆರಡು ನಿಮಿಷ ಹೆಂಗಸಿಗೆ ಯಾಕೆ ಸಿಗುವುದಿಲ್ಲ ಎಂದು ಲೆಕ್ಕ ಹಾಕಿ ನೋಡಿ. ಬೆಳಗಿನ ಐದೂವರೆಗೆ ಹಾಲು, ಆರಕ್ಕೆ ಚಹಾ, ಏಳಕ್ಕೆ ಡಬ್ಬಿ. ಗಂಡಸಿನ ವಾಕಿಂಗ್‌ಗೆ ಡಾಕ್ಟರ ಚೀಟಿ ಸಾಕು. ಹೆಂಗಸಿನ ವಾಕಿಂಗ್‌ಗೆ ಅಡುಗೆಮನೆಯ ರಜೆ ಬೇಕು.

ನನ್ನ ನಾದಿನಿ ವಾಡಿಯಲ್ಲಿದ್ದಾಳೆ. ಅವಳದು ನಾಲ್ಕನೆಯ ಮಾತು. “ವೈನಿ, ನೀವು ಓಡಿದ್ದು ಖರೆ. ಆದ್ರ ಆ ಬಟ್ಟಿ? ಮಂದಿ ಏನಂತಾರ?” ಬಟ್ಟೆಯ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ನಮ್ಮ ಎಷ್ಟೋ ಹುಡುಗಿಯರ ಆಟ ನಿಂತದ್ದು ಅಲ್ಲಿಯೇ. ಮೊಣಕಾಲಿನ ಕೆಳಗಿನವರೆಗೆ, ಮೊಣಕೈವರೆಗೆ ಮುಚ್ಚುವ ಈಜುಡುಗೆ ಇಂದು ಅಂಗಡಿಯಲ್ಲಿ ಸಿಗುತ್ತದೆ. ನಾನು ತೊಟ್ಟಿದ್ದು ಅದನ್ನೇ. ಸೈಕಲ್ ಹತ್ತುವ ಮೊದಲು ಮೇಲೊಂದು ಟೀ ಶರ್ಟ್ ಹಾಕಿಕೊಂಡೆ. ಅಲ್ಲಿಯ ನಿಯಮಗಳು ಕೇಳಿದ್ದು ಬೇರೆಯದನ್ನು. ತೋಳಿನ ಮೇಲೆ ಬರೆದ ನಂಬರು ಕಾಣಬೇಕು, ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿಯಬೇಕು. ಅಲ್ಲಿ ನನ್ನ ಬಟ್ಟೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ, ಎಲ್ಲರೂ ಉಸಿರು ಹುಡುಕುತ್ತಿದ್ದರು. ಮಂದಿ ಏನಂತಾರ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಮಂದಿ ಅನ್ನಲಿಕ್ಕೇ ಇದ್ದಾರೆ, ಅವರ ಕೆಲಸ ಅವರು ಮಾಡಲಿ.

ಐದನೆಯ ಮಾತಿನಲ್ಲಿ ಮಾತ್ರ ಸತ್ಯವಿದೆ. ಇದು ರೊಕ್ಕ ಇದ್ದವರ ಆಟ ಎಂಬುದು. ಹೌದು, ಲಕ್ಷದ ಸೈಕಲ್‌ಗಳು ಅಲ್ಲಿ ಸಾಲಾಗಿ ನಿಂತಿದ್ದವು. ನಾನು ತುಳಿದದ್ದು ಅಣ್ಣನ ಮಗನ ಗೇರ್ ಸೈಕಲ್. ಆದರೆ ಈ ಸತ್ಯವನ್ನು ಎತ್ತಿಕೊಂಡು ಬರುವವರು ಅದರಿಂದ ತೆಗೆಯುವ ತೀರ್ಮಾನ ನೋಡಿ. ರೊಕ್ಕ ಇದ್ದವರದ್ದು, ಆದ್ದರಿಂದ ನಿಮಗೆ ಬೇಡ. ನಾನು ತೆಗೆಯುವ ತೀರ್ಮಾನ ಬೇರೆ. ಈಜು, ಸೈಕಲ್, ಓಟ ಈ ಮೂರರಲ್ಲಿ ಯಾವುದೂ ಹುಟ್ಟಿನಿಂದ ಶ್ರೀಮಂತರದ್ದಲ್ಲ. ಕೆರೆ, ಬಾವಿ, ರಸ್ತೆ, ಬಯಲು ಊರಿನವು. ಊರಿನ ಅರ್ಧ ಜನಕ್ಕೆ ಅವುಗಳ ಬಾಗಿಲು ಮುಚ್ಚಿದೆ ಎಂಬುದೇ ಪ್ರಶ್ನೆ.

ಬಾಗಿಲು ಹೇಗೆ ಮುಚ್ಚುತ್ತದೆ ಎಂದು ಹೇಳುತ್ತೇನೆ. ಈಜು ಕಲಿಯಬೇಕೆಂದು ಒಂದು ಊರಿನ ಈಜುಕೊಳಕ್ಕೆ ಹೋಗಿ ಕೇಳಿದೆ. ಹೆಂಗಸರಿಗೆ ಮಧ್ಯಾಹ್ನ ಎರಡರಿಂದ ಮೂರು ಎಂದರು. ಆ ಹೊತ್ತಿಗೆ ಶಾಲೆಯಿರುತ್ತದೆ, ಕಚೇರಿಯಿರುತ್ತದೆ, ನೆತ್ತಿಯ ಮೇಲೆ ಸೂರ್ಯನಿರುತ್ತಾನೆ. ಕಲಿಸಲು ಹೆಣ್ಣುಮಗಳು ಇದ್ದಾಳೆಯೇ ಎಂದೆ. ಇಲ್ಲ ಎಂದರು. ಹೆಂಗಸರೇ ಬರುವುದಿಲ್ಲ ಮೇಡಂ, ಯಾರನ್ನು ಇಡೋಣ ಎಂದರು. ಬರಲಾಗದ ಹೊತ್ತು ಇಟ್ಟು, ಬರಲಿಲ್ಲವೆಂದು ದೂರುವ ಜಾಣತನ ಇದು. ಕೊನೆಗೆ ಎರಡು ಬೇಸಿಗೆ ರಜೆಯನ್ನು ಬೆಂಗಳೂರಿನ ಮಗಳ ಮನೆಯಲ್ಲಿ ಕಳೆದು, ಬೆಳಗಿನ ಆರು ಗಂಟೆಯ ಹೆಂಗಸರ ಬ್ಯಾಚಿನಲ್ಲಿ, ನನ್ನ ಮಗಳಿಗಿಂತ ಚಿಕ್ಕವಳೊಬ್ಬಳಿಂದ ತೇಲುವುದನ್ನು ಕಲಿತೆ. ಮಗಳು ಬೆಂಗಳೂರಿನಲ್ಲಿ ಇಲ್ಲದವರು ಏನು ಮಾಡಬೇಕು? ನೀರಿನ ಮೇಲೆ ತೇಲಲು ಒಂದು ರಾತ್ರಿಯ ರೈಲು ಹತ್ತಬೇಕೇ?

ಇದು ಮನರಂಜನೆಯ ಮಾತಲ್ಲ. ಶಹಾಬಾದಿನ ಫರಸಿ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಕಲ್ಲು ತೆಗೆದ ಹಳೆಯ ಗಣಿಗಳು ಮಳೆ ನೀರು ತುಂಬಿ ನಿಲ್ಲುತ್ತವೆ. ಮೇಲೆ ಶಾಂತ, ಅಂಚಿನಲ್ಲಿ ಮೆಟ್ಟಿಲಿಲ್ಲ, ಒಂದು ಹೆಜ್ಜೆ ಜಾರಿದರೆ ಆಳ. ನನ್ನ ತರಗತಿಯಲ್ಲಿ ಓದಿದ ಒಬ್ಬ ಹುಡುಗಿ, ಗಣಿತದಲ್ಲಿ ಚುರುಕು, ರಜೆಯಲ್ಲಿ ಸೋದರಮಾವನ ಊರಿಗೆ ಹೋದಾಗ ಅಂಥ ನೀರಿಗೆ ಬಟ್ಟೆ ಒಗೆಯಲು ಹೋದಳು. ತಂಗಿ ಜಾರಿದಳು, ಹಿಡಿಯಲು ಹೋಗಿ ಇವಳೂ ಹೋದಳು. ಅವರ ಅಣ್ಣನಿಗೆ ಈಜು ಚೆನ್ನಾಗಿ ಬರುತ್ತಿತ್ತು. ಬೆನ್ನಿಗೆ ಬೆಂಡು ಕಟ್ಟಿ, ಹೊಲದ ಬಾವಿಗೆ ದೂಡಿ, ಅಪ್ಪನೇ ಕಲಿಸಿದ್ದ. ಆದರೆ ಬಟ್ಟೆ ಒಗೆಯಲು ಹೋಗುವವನು ಅಣ್ಣನಲ್ಲವಲ್ಲ!

ಈ ಒಂದು ಮಾತನ್ನು ಓದುವವರು ದಯವಿಟ್ಟು ಮರೆಯಬಾರದು. ನಮ್ಮಲ್ಲಿ ದಿನವೂ ನೀರಿಗೆ ಹೋಗುವವರು ಹೆಣ್ಣುಮಕ್ಕಳು. ಈಜು ಕಲಿಸುವುದು ಗಂಡುಮಕ್ಕಳಿಗೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದೇ ವರ್ಷದಿಂದ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನವೆಂದು ವಿಶ್ವಸಂಸ್ಥೆ ಆಚರಿಸುತ್ತಿದೆ. ನಮ್ಮ ಶಾಲೆಗಳಲ್ಲಿ ಎಷ್ಟೋ ದಿನಾಚರಣೆಗಳಾಗುತ್ತವೆ. ಈ ಒಂದಕ್ಕೆ ಭಾಷಣ ಬೇಡ, ಒಂದು ಬೆಂಡು, ಒಂದು ಹಗ್ಗ, ಕಲಿಸುವವರು ಒಬ್ಬರು ಸಾಕು.

ನೀರಿನ ಹೆದರಿಕೆ ಹೋಗುವುದಿಲ್ಲ ಎನ್ನುವವರಿಗೆ ನಿಶಾ ಮಿಲೆಟ್ ಅವರನ್ನು ತೋರಿಸುತ್ತೇನೆ. ಐದು ವರ್ಷದವರಿದ್ದಾಗ ಮುಳುಗಿ ಸಾಯುವುದರಿಂದ ಪಾರಾದ ಹುಡುಗಿ. ಆಮೇಲೆ ತಂದೆ ಅವಳನ್ನು ನೀರಿನಿಂದ ದೂರ ಇಡಲಿಲ್ಲ, ಹೆದರಿಕೆ ಬಿಡಿಸಲೆಂದು ಈಜು ಕಲಿಸಿದರು. ಮುಂದೆ ಬೆಂಗಳೂರಿನಲ್ಲಿ ಬೆಳೆದ ಆ ಈಜುಗಾರ್ತಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಭಾರತದ ಪರವಾಗಿ ಈಜಿದರು. ಇನ್ನು ಟ್ರಯಥ್ಲಾನ್‌ನಲ್ಲಿ ಅನು ವೈದ್ಯನಾಥನ್ ಇದ್ದಾರೆ. ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡಿದವರು, ಬೆಂಗಳೂರಿನಲ್ಲಿ ಉದ್ಯೋಗ ನಡೆಸಿಕೊಂಡೇ 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದವರು. ಮೂರು ದಿನಗಳಲ್ಲಿ 10 ಕಿಲೋಮೀಟರ್ ಈಜು, 420 ಕಿಲೋಮೀಟರ್ ಸೈಕಲ್, 84 ಕಿಲೋಮೀಟರ್ ಓಟ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಹೆಸರು ಹೇಳಿ, ‘ನೋಡಿ, ಹೆಣ್ಣುಮಕ್ಕಳು ಎಲ್ಲಿ ಮುಟ್ಟಿದ್ದಾರೆ’ ಎಂದು ಎದೆ ತಟ್ಟಿಕೊಳ್ಳುವವರನ್ನು ಕೇಳುತ್ತೇನೆ: ಚಿಂಚೋಳಿಯ ಹುಡುಗಿ ಎಲ್ಲಿ ಮುಟ್ಟಿದ್ದಾಳೆ?

ಸೈಕಲ್ಲಿನ ಕತೆಯೂ ಇದೇ. 2006-07ರಿಂದ ಎಷ್ಟೋ ವರ್ಷ ನಮ್ಮ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಸಾಲಾಗಿ ಶಾಲೆಗೆ ಬರುವ ಹುಡುಗಿಯರನ್ನು ನೋಡುವುದು ನನಗೆ ಹಬ್ಬವಾಗಿತ್ತು. ಆದರೆ ಹತ್ತನೆಯದು ಮುಗಿದ ಬೇಸಿಗೆಯಲ್ಲಿ ಆ ಸೈಕಲ್ ಹುಡುಗಿಯ ಕೈಯಿಂದ ತಮ್ಮನ ಕೈಗೆ ಹೋಗುತ್ತಿತ್ತು. ಸೈಕಲ್ ಕೊಟ್ಟದ್ದು ಶಾಲೆಗೆ ಮಾತ್ರ, ಶಾಲೆ ಮುಗಿಯಿತು, ಸೈಕಲ್ಲೂ ಮುಗಿಯಿತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಕೂಲಿ ಮಾಡುವವರು, ಕಲ್ಲುಗಣಿಯ ಕೆಲಸದವರು, ಅಂಗನವಾಡಿಯವರು ಸಾವಿರಗಟ್ಟಲೆ ಕಲಿತರು. ಅಲ್ಲಿ ಅದನ್ನು ಒಬ್ಬಳ ಸಾಧನೆ ಎನ್ನಲಿಲ್ಲ, ಊರಿನ ಅಭ್ಯಾಸ ಮಾಡಿದರು. ನಾನು ಕೇಳುತ್ತಿರುವುದೂ ಅಷ್ಟೇ. ಬೆಳಗಿನ ಜಾವ ನಾನು ಮಳಖೇಡದ ಕಡೆ ಸೈಕಲ್ ತುಳಿಯುವಾಗ ಸಿಮೆಂಟಿನ ಲಾರಿಯವರು ಹಾರ್ನ್ ಹೊಡೆದು ಹೊಡೆದು ನಕ್ಕರು. ಒಬ್ಬಳಿದ್ದುದಕ್ಕೆ ನಕ್ಕರು. ಇಪ್ಪತ್ತು ಮಂದಿ ಇದ್ದರೆ ದಾರಿ ಬಿಡುತ್ತಾರೆ.

ಈಗ ಬೇಡಿಕೆ. ನಮ್ಮ ಐದೂ ಊರುಗಳಿಗೆ ಸೇರಿಸಿ ಹೇಳುತ್ತೇನೆ. ಎಲ್ಲಿ ಈಜುಕೊಳವಿದೆಯೋ ಅಲ್ಲಿ ಬೆಳಗಿನ ಆರರಿಂದ ಏಳು ಹೆಂಗಸರಿಗೆ. ಮಧ್ಯಾಹ್ನದ ಎರಡು ಗಂಟೆಯನ್ನು ಗಂಡಸರು ಇಟ್ಟುಕೊಳ್ಳಲಿ, ಅವರ ಮೈ ಗಟ್ಟಿಯಲ್ಲವೇ! ಎಲ್ಲಿ ಕೊಳವಿಲ್ಲವೋ ಅಲ್ಲಿ ಊರಿನ ಒಂದು ಬಾವಿಯನ್ನು ಹೂಳೆತ್ತಿ, ಮೆಟ್ಟಿಲು ಕಟ್ಟಿ, ಬೇಸಿಗೆಯಲ್ಲಿ ಒಂದು ತಿಂಗಳು ಹುಡುಗಿಯರಿಗೆ ಕಲಿಸಲಿ. ತಾಲ್ಲೂಕಿಗೆ ಒಬ್ಬ ಹೆಣ್ಣುಮಗಳನ್ನು ಈಜು ಕಲಿಸಲೆಂದೇ ನೇಮಿಸಲಿ. ಹಣವಿಲ್ಲವೆನ್ನಬೇಡಿ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದ ಘಟಿಕಾಸ್ಥಾನವಿತ್ತು. ಅಲ್ಲಿ ಪುಸ್ತಕ ಕಾಯಲೆಂದೇ ಸರಸ್ವತೀ ಭಂಡಾರಿಗರು ಇದ್ದರೆಂದು ಶಾಸನ ಹೇಳುತ್ತದೆ. ಸಾವಿರ ವರ್ಷದ ಹಿಂದೆ ತಾಳೆಗರಿ ಕಾಯಲು ಜನ ಇಟ್ಟ ನೆಲ, ಇಂದು ಹುಡುಗಿಯರ ಜೀವ ಕಾಯಲು ಒಬ್ಬಳನ್ನು ಇಡಲಾರದೇ? ಶಾಲೆಯ ಮೈದಾನದ ಒಂದು ಕಡೆ ಬೆಳಗಿನ ಐದೂವರೆಗೆ ದೀಪ ಹಚ್ಚಲಿ. ಸಿಮೆಂಟು, ಕಲ್ಲು, ತೊಗರಿ ಎಲ್ಲವನ್ನೂ ಈ ನೆಲ ಕೊಟ್ಟಿದೆ. ವಾಪಸು ಕೇಳುತ್ತಿರುವುದು ಒಂದು ಗಂಟೆ, ಒಂದು ದೀಪ.

ಮತ್ತೆ ಇದನ್ನು ಓದುತ್ತಿರುವ ಅಕ್ಕ ತಂಗಿಯರಿಗೆ ಒಂದು ಮಾತು. ಕೊಡುವವರು ಕೊಡುವವರೆಗೆ ಕಾಯಬೇಡಿ. ಟ್ರಯಥ್ಲಾನ್ ಮಾಡಿ ಎಂದು ನಾನು ಹೇಳುತ್ತಿಲ್ಲ. ಮೂರರಲ್ಲಿ ಒಂದನ್ನು ಹಿಡಿಯಿರಿ. ಓಡಲಾಗದಿದ್ದರೆ ಬಿರುಸಾಗಿ ನಡೆಯಿರಿ. ಒಬ್ಬರೇ ಹೋಗಬೇಡಿ, ಓಣಿಯ ನಾಲ್ವರನ್ನು ಎಬ್ಬಿಸಿಕೊಂಡು ಹೋಗಿ. ಮಗಳ ಸೈಕಲ್ ತುಕ್ಕು ಹಿಡಿಯುತ್ತಿದ್ದರೆ ಗಾಳಿ ಹಾಕಿಸಿ ತುಳಿಯಿರಿ. ಬೇಸಿಗೆಯಲ್ಲಿ ತವರಿಗೆ ಹೋದಾಗ, ಮಗನಿಗೆ ಬೆಂಡು ಕಟ್ಟುವ ಅಣ್ಣ ತಮ್ಮಂದಿರಿಗೆ, “ಇವಳಿಗೂ ಕಟ್ಟೋ” ಎಂದು ಮಗಳನ್ನು ಮುಂದೆ ನಿಲ್ಲಿಸಿ. ಅವರು ಅನುಮಾನಿಸಿದರೆ ಹಗ್ಗದ ಒಂದು ತುದಿಯನ್ನು ನೀವೇ ಹಿಡಿಯಿರಿ.

ಈ ಏಪ್ರಿಲ್ಲಿನಿಂದ ನಮ್ಮ ತವರಿನ ಹೊಲದ ಬಾವಿಯಲ್ಲಿ, ಅಣ್ಣನ ಕಾವಲಿನಲ್ಲಿ, ಹನ್ನೊಂದು ಹುಡುಗಿಯರು ಕೈ ಕಾಲು ಬಡಿಯುತ್ತಿದ್ದಾರೆ. ಅವರಲ್ಲಿ ಯಾರೂ ಮುಂದೆ ಪದಕ ತರಬೇಕಾಗಿಲ್ಲ. ಜಾರಿದ ತಂಗಿಯನ್ನು ಹಿಡಿದು ದಡಕ್ಕೆ ತರಬಲ್ಲವರಾದರೆ ಸಾಕು.